ಮುಳುಗಿದ ಪೇಟೆ ಮತ್ತು ನಮ್ಮನೆಯವರ ಎಡಗೈ

ನಮ್ಮನೆಯವರಿಗೆ ಲಕ್ವಾ ಹೊಡೆದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಹುಕುಂ ಮಾತ್ರ. "ಬಾಯಿ ತಗೀರಿ", "ಕಾಲ ಎತ್ರಿ", "ಗುಳಿಗಿ ನುಂಗ್ರಿ". ಸಂಸಾರ ಹೂಡಿ ನಲವತ್ತು ವರ್ಷದ ಮೇಲಾಯಿತು. ದಿನವೆಲ್ಲ ಅವರ ಮೈ ಮುಟ್ಟಿಕೊಂಡೇ ಇದ್ದರೂ ಅವರೊಂದಿಗೆ ಮಾತಾಡಿ ಎಷ್ಟು ಕಾಲವಾಯಿತೋ ಅನ್ನಿಸುತ್ತಿತ್ತು. ನೋಡಲು ಬಂದವರೂ "ಕಾಕಾ ಈಗ ಹ್ಯಾಂಗದಾರ?" ಅಂತ ಕೇಳಿ, ಚಹಾ ಕುಡಿದು ಹೋಗುವರು.

ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಹಾಗಾಗಿ ಬಲಗೈ, ಬಲಗಾಲು ಹೋದವು. ಬಹುತೇಕರಿಗೆ ಮಾತಿನ ಕೇಂದ್ರವೂ ಎಡಗಡೆಗೇ ಇರುವುದರಿಂದ ಮಾತೂ ಕೈಕೊಟ್ಟಿತು. ಡಾಕ್ಟರು ಇದಕ್ಕೆ ಅಫೇಸಿಯಾ ಅಂದರು. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ, ಆದರೆ ಬಾಯಿಗೆ ಬರುವುದು "ಹೂಂ" ಮತ್ತು "ಅದ... ಅದ..." ಅಷ್ಟೇ.

ಮನೆಗೆ ಬಂದು ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿ ಹುಡುಗಿ ಒಂದು ದಿನ ಹೇಳಿದಳು: "ಅಮ್ಮಾರ, ಅಂಗಡಿದು ಹಳೇ ಸಾಮಾನ ಏನರ ಇದ್ರ ತಗೀರಿ. ಇಬ್ಬರೂ ಕೂತು ನೋಡ್ರಿ. ಅವರಿಗೊಬ್ಬರಿಗೇ ಅಲ್ರಿ, ನಿಮಗೂ ಛಲೋ ಆಗ್ತೈತಿ." ಇದಕ್ಕೆ ರೆಮಿನಿಸೆನ್ಸ್ ಥೆರಪಿ, ಅಂದರೆ ಸ್ಮರಣ ಚಿಕಿತ್ಸೆ ಎನ್ನುತ್ತಾರಂತೆ. ಆಮೇಲೆ ಓದಿ ತಿಳಿದುಕೊಂಡೆ. ವಯಸ್ಸಾದವರು ಹಿಂದಿನದನ್ನೇ ಮೆಲುಕು ಹಾಕುವುದನ್ನು ಒಂದು ಕಾಲಕ್ಕೆ ಅರಳು ಮರಳಿನ ಲಕ್ಷಣ ಅಂತಲೇ ಎಣಿಸುತ್ತಿದ್ದರು. ಅದು ಬದುಕನ್ನು ತಿರುಗಿ ನೋಡುವ ಸಹಜ ಕೆಲಸ ಎಂದು 1963ರಲ್ಲಿ ಬರೆದವರು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್.

ನಮ್ಮ ಬಾಗಲಕೋಟೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಹೋದವು. ನವನಗರದ ಸೆಕ್ಟರಿನಲ್ಲಿ ಮನೆ ಕಟ್ಟಿಕೊಂಡ ನಮ್ಮ ವಯಸ್ಸಿನವರು ಸಂಜೆ ಕಟ್ಟೆಗೆ ಕೂತರೆ ನೀರಿನ ಕೆಳಗಿನ ಊರಲ್ಲೇ ಅಡ್ಡಾಡುತ್ತಾರೆ. ನಮ್ಮನೆಯವರ ಬಟ್ಟೆ ಅಂಗಡಿ ಇದ್ದದ್ದೂ ಅಲ್ಲೇ.

ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆದು ಅವರ ಎಡಗೈಗೆ ಕೊಟ್ಟೆ. ದಡಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಸೀರೆಯನ್ನು ತೊಡೆಯ ಮೇಲೆ ಎಳೆಎಳೆದು ಸೆರಗು ಶುರುವಾಗುವ ಜಾಗಕ್ಕೆ ಬಂದರು. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯ ಸಾಲಿನ ಮೇಲೆ ಹೆಬ್ಬೆರಳನ್ನು ಈ ಅಂಚಿನಿಂದ ಆ ಅಂಚಿನವರೆಗೆ ನಿಧಾನಕ್ಕೆ ಆಡಿಸಿದರು. ಅಂಗಡಿಗೆ ಮಾಲು ಬಂದಾಗ ಹೀಗೇ ನೋಡುತ್ತಿದ್ದರು. ನನ್ನ ಕಡೆ ತಿರುಗಿ "ಹೂಂ" ಅಂದರು. ಮಾಲು ಪಾಸಾಗಿತ್ತು!

ಪರೀಕ್ಷೆ ಮಾಡುವ ಹಾಗೆ ಮಾತ್ರ ಕೇಳಬಾರದು. ಬೀಗರೊಬ್ಬರು ಮದುವೆ ಫೋಟೋ ಹಿಡಿದು "ಇವರ್ಯಾರ ಹೇಳ್ರಿ ನೋಡೂಣು" ಅಂದಾಗ ಪಾಪ, ಹಣೆಯೆಲ್ಲ ಬೆವೆತುಹೋಯಿತು. ಗೊತ್ತಿದ್ದೂ ಬಾಯಿಗೆ ಬಾರದ ಸಂಕಟ ಅದು. ನಾನು ಕೇಳುವುದಿಲ್ಲ, ಹೇಳುತ್ತಾ ಹೋಗುತ್ತೇನೆ. ಅಂಗಡಿ ಪಕ್ಕ ಯಾರಿದ್ದರು, ಎದುರಿಗೆ ಏನಿತ್ತು ಅಂತ. ನಾನು ಹೇಳಿದ್ದು ಸರಿಯಲ್ಲ ಅನ್ನಿಸಿದರೆ ಎಡಗೈ ಅಡ್ಡ ಆಡುತ್ತದೆ, ಹುಬ್ಬು ಗಂಟಾಗುತ್ತದೆ. ಆಗ ನಮ್ಮಿಬ್ಬರದು ವಾದವೇ ನಡೆಯುತ್ತದೆ. ವಾದ ಮಾಡಿದ ದಿನ ನನಗೆ ಒಳ್ಳೆ ನಿದ್ದೆ.

ಹೋಳಿಯ ಮಾತು ತೆಗೆದ ದಿನ ಇನ್ನೂ ದೊಡ್ಡದು. ಬಾಗಲಕೋಟೆಯ ಹೋಳಿ ಗೊತ್ತಲ್ಲ, ಬಂಡಿ ತುಂಬ ಬಣ್ಣದ ಬ್ಯಾರಲ್, ಓಣಿಓಣಿಯ ಹಲಗಿ. ನಾನು ಕಿಲ್ಲಾ ಓಣಿಯ ಹಲಗಿ ಅಂದಿದ್ದೇ ತಡ, ಮಂಚದ ಪಟ್ಟಿಯ ಮೇಲೆ ಅವರ ಬೆರಳು ಗತ್ತು ಹಿಡಿದವು. ಅದರ ಹಿಂದೆಯೇ ಹೋಳಿ ಹಾಡಿನ ಅರ್ಧ ಸಾಲು ಬಾಯಿಂದ ಬಂತು. ಶಬ್ದಗಳೊಂದಿಗೆ! ಹಾಡಿನ ಲಯಕ್ಕೆ ಮೆದುಳಿನ ಬಲಭಾಗದ ಆಸರೆಯೂ ಇರುತ್ತದಂತೆ. ಇದೇ ದಾರಿಯಲ್ಲಿ, ರಾಗ ಹಿಡಿದು ಮಾತು ಕಲಿಸುವ ವಿಧಾನವನ್ನು ಬಾಸ್ಟನ್ನಿನ ತಜ್ಞರು 1973ರಲ್ಲೇ ಪ್ರಕಟಿಸಿದ್ದಾರೆ.

ಎಲ್ಲ ನೆನಪೂ ಸಿಹಿಯಲ್ಲ. ಮನೆ ಪರಿಹಾರದ ಫೈಲು ಕಣ್ಣಿಗೆ ಬಿದ್ದಾಗ ಅತ್ತರು. ನಾನೂ ಅತ್ತೆ. ಲಕ್ವಾ ಹೊಡೆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅಳು ದಿನಗಟ್ಟಲೆ ನಿಲ್ಲದಿದ್ದರೆ ಅಥವಾ ಊಟ, ನಿದ್ದೆ ಬಿಟ್ಟರೆ ಡಾಕ್ಟರಿಗೆ ತೋರಿಸಲೇಬೇಕು. ಜೋಪಾನ ಮಾಡುವ ಹೆಂಡಿರಿಗೂ ಗಂಡಂದಿರಿಗೂ ಇದೇ ಮಾತು. ನೆನಪು ಕೈಗೆ ಕಸುವು ಕೊಡುವುದಿಲ್ಲ, ವ್ಯಾಯಾಮ ಮತ್ತು ಬಿ.ಪಿ. ಗುಳಿಗಿ ತಪ್ಪಿಸುವ ಹಾಗಿಲ್ಲ. ವ್ಯಾಯಾಮ ಮಾಡಿ ದಣಿದಾಗ ಟ್ರಂಕು ತೆಗೆಯಬೇಡಿ. ನಮ್ಮಲ್ಲಿ ಸಂಜೆ ಚಹಾ ಆದ ಮೇಲೆ ಅರ್ಧ ತಾಸು. ಅವರು ಕಣ್ಣು ಮುಚ್ಚಿದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಸದ್ಯ ನಡೆದಿರುವ ಜಗಳ ನನ್ನ ಮೊದಲ ಪಂಚಮಿ ಸೀರೆಯದು. ಹಸಿರು ಅಂತ ನಾನು. ಅವರು ನೆಲದ ಕೆಂಪು ಜಮಖಾನೆ ತೋರಿಸಿ ತೋರಿಸಿ ಕೈ ಆಡಿಸುತ್ತಾರೆ. ಶ್ರಾವಣಕ್ಕೆ ನಾದಿನಿ ಇಳಕಲ್ಲಿನಿಂದ ಬರುವವಳಿದ್ದಾಳೆ, ಅವಳನ್ನೇ ಕೇಳಬೇಕು.