150 ಮೀಟರ್ ಡಬ್ಬಿಯ ದೆವ್ವ

ಹೋದ ಮಳೆಗಾಲದಲ್ಲಿ ವೈಟ್‌ಫೀಲ್ಡ್ ಕಡೆ ಒಂದು ಕ್ಯಾಂಪಸ್‌ನಲ್ಲಿ ಎರಡು ಕಟ್ಟಡಗಳ ಮಧ್ಯೆ ಎಳೆದಿದ್ದ ಸಿಂಗಲ್ ಮೋಡ್ ಫೈಬರ್ (ಬೆಳಕು ಸಾಗಿಸುವ ಸಣ್ಣ ಗಾಜಿನ ಎಳೆ) ಟೆಸ್ಟ್ ಮಾಡುತ್ತಿದ್ದೆವು. ಉದ್ದ ಸುಮಾರು 400 ಮೀಟರ್. ಜೊತೆಗಿದ್ದ ಹುಡುಗ ಓಟಿಡಿಆರ್ (ಫೈಬರ್ ಒಳಗೆ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ದೂರದ ಲೆಕ್ಕದಲ್ಲಿ ಗೆರೆಯಾಗಿ ತೋರಿಸುವ ಯಂತ್ರ) ತೋರಿಸಿ, "ಸಾರ್, ಪ್ಯಾನೆಲ್‌ನಿಂದ 150 ಮೀಟರ್ ಆಚೆ ಸ್ಪೈಕ್ ಬರ್ತಿದೆ, ಯಾರೋ ಹೇಳದೆ ಜಾಯಿಂಟ್ ಹಾಕಿದ್ದಾರೆ" ಅಂದ. ನಾನೂ ನಂಬಿದೆ. ಮಳೆಯಲ್ಲೇ ಹೋಗಿ ಚೇಂಬರ್ ಮುಚ್ಚಳ ಎತ್ತಿದರೆ ಮೊಣಕಾಲುದ್ದ ನೀರು, ಎರಡು ಕಪ್ಪೆ, ಕೇಬಲ್ ಮಾತ್ರ ಎಲ್ಲೂ ಕತ್ತರಿಸದೆ ನೆಟ್ಟಗೆ ಹೋಗಿತ್ತು.

ತಪ್ಪು ನಮ್ಮ ಡಬ್ಬಿಯಲ್ಲೇ ಇತ್ತು. ಹಾಕಿದ್ದು 150 ಮೀಟರ್ ಲಾಂಚ್ ಕೇಬಲ್, ಅಂದರೆ ಯಂತ್ರಕ್ಕೂ ಟೆಸ್ಟ್ ಮಾಡುವ ಲಿಂಕ್‌ಗೂ ಮಧ್ಯೆ ಹಾಕುವ, ಡಬ್ಬಿಯಲ್ಲಿ ಸುತ್ತಿಟ್ಟ ಫೈಬರ್. ಅದು ಪ್ಯಾನೆಲ್‌ಗೆ ಸೇರುವ ಮೊದಲ ಕನೆಕ್ಟರ್‌ನಿಂದ ಜೋರಾಗಿ ವಾಪಸ್ ಬಂದ ಬೆಳಕು ಯಂತ್ರದ ಮೂತಿಗೆ ಬಡಿದು, ಇನ್ನೊಂದು ಸಲ ಲಾಂಚ್ ಕೇಬಲ್ ಪೂರ್ತಿ ಹೋಗಿ ಬಂದು, ಪರದೆಯ ಲೆಕ್ಕದಲ್ಲಿ 300 ಮೀಟರ್‌ನಲ್ಲಿ ಕೂತಿತ್ತು. ಅಂದರೆ ಲಿಂಕ್ ಒಳಗೆ ಸರಿಯಾಗಿ 150. ಇದಕ್ಕೆ ಘೋಸ್ಟ್ ಅಂತಾರೆ, ನಮ್ಮ ಹುಡುಗರ ಬಾಯಲ್ಲಿ ದೆವ್ವ. ಗುರುತಿಸೋದು ಕಷ್ಟವಲ್ಲ: ಸ್ಪೈಕ್ ಇರುತ್ತದೆ, ಆದರೆ ಅದರ ಆಚೆ ಗೆರೆ ಕೆಳಗೆ ಇಳಿದಿರೋದಿಲ್ಲ, ಲಾಸ್ (ಬೆಳಕಿನ ನಷ್ಟ) ಇಲ್ಲ. ಆಮೇಲೆ 500 ಮೀಟರ್ ಡಬ್ಬಿ ಹಾಕಿದೆವು. ಈಗ ದೆವ್ವ ಬೀಳಬೇಕಾದ ಜಾಗ 1000, ಲಿಂಕ್ ಮುಗಿಯೋದು 900ಕ್ಕೆ. ಚಿಕ್ಕ ಲಿಂಕ್‌ಗೆ ಲಾಂಚ್ ಕೇಬಲ್ ಲಿಂಕ್‌ಗಿಂತ ಉದ್ದ ಇರಲಿ ಅನ್ನೋದು ಇದಕ್ಕೇ.

ಉದ್ದದ ಲಿಂಕ್ ಆದರೆ ಲೆಕ್ಕವೇ ಬೇರೆ. ಅಲ್ಲಿ ನೋಡಬೇಕಾದ್ದು ಲಿಂಕ್ ಎಷ್ಟು ಉದ್ದ ಅಂತಲ್ಲ, ನೀವು ಎಷ್ಟು ಹೊತ್ತಿನ ಪಲ್ಸ್ (ಯಂತ್ರ ಒಂದು ಸಲಕ್ಕೆ ಬಿಡುವ ಬೆಳಕಿನ ತುಣುಕು) ಹಾಕುತ್ತೀರಿ ಅಂತ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಹೋಗಿ ಬರೋದರಿಂದ ಅರ್ಧ ಮಾಡಿಕೊಳ್ಳಿ. 10 ನ್ಯಾನೋಸೆಕೆಂಡ್ ಪಲ್ಸ್ ಅಂದರೆ ಪರದೆಯ ಗೆರೆಯಲ್ಲಿ 1 ಮೀಟರ್, 1 ಮೈಕ್ರೋಸೆಕೆಂಡ್ ಅಂದರೆ 100 ಮೀಟರ್, 10 ಮೈಕ್ರೋಸೆಕೆಂಡ್ ಅಂದರೆ 1 ಕಿಲೋಮೀಟರ್. ಯಂತ್ರದ ಸ್ವಂತ ಕನೆಕ್ಟರ್ ಹೊಡೆದ ಬೆಳಕಿಗೆ ಕಣ್ಣು ಕತ್ತಲಾಗಿ, ಸುಧಾರಿಸಿಕೊಳ್ಳೋಕೆ ಅದಕ್ಕೆ ಇನ್ನೂ ಸ್ವಲ್ಪ ದೂರ ಬೇಕು. ಮೊದಲ ಕನೆಕ್ಟರ್ ಲಾಸ್ ಅಳೆಯಬೇಕಾದರೆ ಅದರ ಹಿಂದೆಯೂ ಮುಂದೆಯೂ ನೆಟ್ಟಗಿನ ಗೆರೆ ಕಾಣಬೇಕು, ಅಲ್ವಾ? 1 ಮೈಕ್ರೋಸೆಕೆಂಡ್ ಪಲ್ಸ್‌ಗೆ 150 ಮೀಟರ್ ಡಬ್ಬಿ ಹಾಕಿದರೆ ಹಿಂದಿನ ಗೆರೆ ಸಿಗೋದೇ ಕಷ್ಟ, ಕೆಟ್ಟ ಕನೆಕ್ಟರ್ ಇದ್ದರೂ ರಿಪೋರ್ಟ್ ಪಾಸ್ ಅಂದುಬಿಡುತ್ತದೆ.

ನನ್ನ ರೂಢಿ ಹೇಳುತ್ತೇನೆ. ಮಲ್ಟಿಮೋಡ್‌ಗೆ (ಚಿಕ್ಕ ದೂರಕ್ಕೆ ಬಳಸುವ ಇನ್ನೊಂದು ಜಾತಿಯ ಫೈಬರ್) 100ರಿಂದ 150 ಮೀಟರ್ ಸಾಕು. ಸಿಂಗಲ್ ಮೋಡ್‌ಗೆ 500 ಮೀಟರ್ ಇಲ್ಲವೇ 1 ಕಿಲೋಮೀಟರ್. 10 ಮೈಕ್ರೋಸೆಕೆಂಡ್ ಪಲ್ಸ್ ಬೇಕಾಗುವಷ್ಟು ದೂರ ಇದ್ದರೆ 2 ಕಿಲೋಮೀಟರ್. ಸುಮ್ನೆ ಅದಕ್ಕಿಂತ ಜಾಸ್ತಿ ಹೊತ್ತು ತಿರುಗೋದು ಬೇಡ, ಬೈಕ್ ಮೇಲೆ ಸಿಲ್ಕ್ ಬೋರ್ಡ್ ದಾಟೋರಿಗೆ ಗೊತ್ತು ಆ ಬ್ಯಾಗಿನ ಭಾರ. ಕೊನೆಯ ಕನೆಕ್ಟರ್ ಲಾಸ್ ಬೇಕಿದ್ದರೆ ಆ ತುದಿಗೂ ಒಂದು ಕೇಬಲ್ ಹಾಕಲೇಬೇಕು. ಲಿಂಕ್‌ನಲ್ಲಿರೋ ಫೈಬರ್ ಜಾತಿಯೇ ಡಬ್ಬಿಯಲ್ಲೂ ಇರಲಿ, ಹಸಿರು ಕನೆಕ್ಟರ್‌ಗೆ (ಓರೆ ತುದಿಯದು) ನೀಲಿ (ನೇರ ತುದಿಯದು) ಚುಚ್ಚಬೇಡಿ.

ಅವತ್ತಿನದು ಇನ್ನೊಂದು ಹೇಳಿಲ್ಲ. ಅಷ್ಟು ಜೋರಾಗಿ ಬೆಳಕು ವಾಪಸ್ ಬರುತ್ತಿದ್ದದ್ದು ಯಾಕೆ ಅಂತ ಸ್ಕೋಪ್ (ಕನೆಕ್ಟರ್ ತುದಿ ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ) ಹಿಡಿದು ನೋಡಿದೆವು. ಪ್ಯಾನೆಲ್ ಕಡೆಯದು ಸ್ವಚ್ಛವಾಗಿತ್ತು. ನಮ್ಮ ಡಬ್ಬಿಯ ತುದಿಯಲ್ಲೇ, ಬೆಳಕು ಹೋಗುವ ನಡುಭಾಗದ (ಕೋರ್) ಮೇಲೆ ಸರಿಯಾಗಿ, ಬೆರಳಿನ ಎಣ್ಣೆ. ನೂರು ಫೈಬರ್ ಟೆಸ್ಟ್ ಮಾಡಿದರೆ ನೂರು ಸಲ ಚುಚ್ಚಿ ತೆಗೆಯೋದು ಅದೇ ತುದಿಯನ್ನಲ್ಲವೇ. ಒರೆಸಿ ಮತ್ತೆ 150ರ ಡಬ್ಬಿಯನ್ನೇ ಹಾಕಿ ನೋಡಿದೆವು. ದೆವ್ವ ಕುಗ್ಗಿತ್ತು, ಆದರೆ 300ರಲ್ಲಿ ಇನ್ನೂ ಇತ್ತು.