ಹಳೆಯ ಎಸ್2000 ಹುಡುಕಾಟ: ಸ್ಥಿತಿ ನೋಡಿದ್ದು, ಬೆಲೆ ಕಟ್ಟಿದ್ದು

ಹೋಂಡಾ ಕಂಪನಿಯ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಎಸ್2000 ತಗೊಳ್ಳುವುದು ಅಂತ ತೀರ್ಮಾನವಾಗಿತ್ತು. ಯಾವುದನ್ನು, ಎಷ್ಟಕ್ಕೆ ಅನ್ನುವುದಷ್ಟೇ ಬಾಕಿ. ಅದರ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1999ರಲ್ಲಿ ಬಂದು 2009ರಲ್ಲಿ ನಿಂತುಹೋದ ಗಾಡಿ ಇದು. ಕಟ್ಟಕಡೆಯದಾಗಿ ಹೊರಬಂದದ್ದಕ್ಕೂ ಈಗ ಸಾಕಷ್ಟು ವಯಸ್ಸಾಗಿದೆ. ನಾನು ಹುಡುಕುತ್ತಿದ್ದದ್ದು ಮೊದಲ ಸರಣಿಯ ಎಪಿ1. 1997 ಸಿಸಿಯ ಎಫ್20ಸಿ ಎಂಜಿನ್, ಟರ್ಬೊ ಇಲ್ಲ, ಕೆಂಪು ಗೆರೆ (ಎಂಜಿನ್ ತಿರುಗಬಹುದಾದ ಮಿತಿ) 9000 ಆರ್‌ಪಿಎಂಗೆ. 2004ರಿಂದ ಉತ್ತರ ಅಮೆರಿಕಕ್ಕೆ 2157 ಸಿಸಿಯ ಎಂಜಿನ್ ಬಂತು, ಕೆಂಪು ಗೆರೆಯೂ ಕೆಳಗಿಳಿಯಿತು. ದಿನಾ ಓಡಿಸುವವರಿಗೆ ಅದೇ ವಾಸಿ. ನನಗೆ ಬೇಕಾಗಿದ್ದು ಆ 9000.

ಯಾರನ್ನು ಕೇಳಿದರೂ ಮೊದಲ ಪ್ರಶ್ನೆ "ಎಷ್ಟು ಕಿಲೋಮೀಟರ್ ಓಡಿದೆ?" ಈ ಗಾಡಿಯ ಮಟ್ಟಿಗೆ ನಾನು ಆ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿದ್ದೇನೆ. ಮೊದಲನೆಯದು, ಬಾಡಿ ಏಟು ತಿಂದಿದೆಯಾ? ಎರಡನೆಯದು, ಎಂಜಿನ್ನನ್ನು ಯಾರಾದರೂ ತಪ್ಪು ಗೇರಿಗೆ ಹಾಕಿ ಮಿತಿ ಮೀರಿ ತಿರುಗಿಸಿದ್ದಾರಾ? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಕಿಲೋಮೀಟರ್ ಕಡೆ ನೋಡಬಹುದು. ಕಡಿಮೆ ಓಡಿದೆ ಅಂತ ಜಾಸ್ತಿ ದುಡ್ಡು ಕೇಳುವ ಗಾಡಿಗಳಲ್ಲಿ ಎಷ್ಟೋ ವರ್ಷಗಟ್ಟಲೆ ಸುಮ್ನೆ ನಿಂತಿದ್ದವು. ಟೈರ್ ಗಟ್ಟಿಯಾಗಿರುತ್ತದೆ, ರಬ್ಬರ್ ಸೀಲ್ ಒಣಗಿರುತ್ತದೆ, ಬ್ರೇಕ್ ಆಯಿಲ್ ಕಪ್ಪಾಗಿರುತ್ತದೆ.

ಕೆಂಪು ಗಾಡಿ: ಬೇಡ ಅಂದೆ

ಫೋಟೋದಲ್ಲಿ ಕಣ್ಣಿಗೆ ಹಬ್ಬ. ಎದುರಿಗೆ ನಿಂತಾಗ ಹಿಂದಿನ ಎಡಭಾಗದ ಕೆಂಪು ಸ್ವಲ್ಪ ಬೇರೆ ಅನ್ನಿಸಿತು. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇಟ್ಟೆ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಒಳಗಿರುತ್ತದೆ. ಬಾಗಿಲಲ್ಲಿ 120 ಬಂತು. ಹಿಂದಿನ ಚಕ್ರದ ಮೇಲೆ 480. ಅಂದರೆ ಬಣ್ಣದ ಅಡಿಯಲ್ಲಿ ಪುಟ್ಟಿ ಕೂತಿದೆ.

ಗೇಜ್ ಕೊಳ್ಳುವವರಿಗೆ ಒಂದು ಮಾತು. ಎಸ್2000ದ ಬಾನೆಟ್ ಅಲ್ಯೂಮಿನಿಯಂ. ಕಬ್ಬಿಣದ ಮೇಲೆ ಮಾತ್ರ ಕೆಲಸ ಮಾಡುವ ಅಗ್ಗದ ಗೇಜ್ ಅದರ ಮೇಲೆ ಏನೂ ತೋರಿಸುವುದಿಲ್ಲ, ಅಯಸ್ಕಾಂತವೂ ಅಂಟುವುದಿಲ್ಲ. ಅದನ್ನು ನೋಡಿ ಬಾನೆಟ್ ತುಂಬಾ ಪುಟ್ಟಿ ಅಂತ ಗಾಬರಿಯಾಗಬೇಡಿ. ಎರಡೂ ಲೋಹಕ್ಕೆ ಆಗುವ ಗೇಜ್ ತಗೊಳ್ಳಿ.

ಬಣ್ಣ ಮತ್ತೆ ಹೊಡೆಸಿದ್ದೇ ದೊಡ್ಡ ತಪ್ಪೇನಲ್ಲ. ಗೀರು ಬಿದ್ದರೆ ಯಾರಾದರೂ ಹೊಡೆಸುತ್ತಾರೆ. ಲೋಹ ಎಲ್ಲಿಯವರೆಗೆ ಮಡಚಿತ್ತು ಅನ್ನುವುದು ಮುಖ್ಯ. ಡಿಕ್ಕಿಯ ಕಾರ್ಪೆಟ್ ಎತ್ತಿ ಟಾರ್ಚ್ ಬಿಟ್ಟೆ. ಬಲಗಡೆ ತಗಡು ಸೇರುವ ಗೆರೆಯಲ್ಲಿ, ಸಂದು ಮುಚ್ಚುವ ಸೀಲರ್ ಒಂದೇ ದಪ್ಪಕ್ಕೆ, ನೇರವಾಗಿ ಹರಿದಿತ್ತು. ಎಡಗಡೆ ಬ್ರಷ್‌ನಿಂದ ಬಳಿದ ಗುರುತು. ಹಿಂದಿನ ಟೈರ್‌ಗಳ ಒಳ ಅಂಚು ಸವೆದು ತಂತಿ ಕಾಣುತ್ತಿತ್ತು, ಹೊರ ಅಂಚು ಹಾಗೇ ಇತ್ತು. ಇದಕ್ಕೆ ಮೇಲೆ ಗಟ್ಟಿ ಛಾವಣಿಯಿಲ್ಲ, ಮಡಚುವ ಬಟ್ಟೆಯ ಟಾಪ್ ಅಷ್ಟೇ. ಬಿಗಿಯೆಲ್ಲ ತಳದ ಎಕ್ಸ್ ಆಕಾರದ ಫ್ರೇಮಿನಿಂದಲೇ ಬರಬೇಕು. ತಳ ಒಮ್ಮೆ ಸೊಟ್ಟಗಾದರೆ ಎಷ್ಟು ಸರಿಮಾಡಿಸಿದರೂ ನನಗಂತೂ ನಂಬಿಕೆ ಬರುವುದಿಲ್ಲ.

ಮಾಲೀಕರು ಒಳ್ಳೆಯವರೇ. ಅವರು ಕೊಳ್ಳುವ ಮೊದಲೇ ಏಟು ಬಿದ್ದಿರಬೇಕು, ಅವರಿಗೂ ಗೊತ್ತಿದ್ದಂತಿಲ್ಲ. ಬೆಲೆ ಇಳಿಸುತ್ತೇನೆ ಅಂದರು. ಇಂಥದ್ದಕ್ಕೆ ಬೆಲೆ ಇಳಿಸಿ ಏನೂ ಉಪಯೋಗವಿಲ್ಲ, ನಾಳೆ ಮಾರುವಾಗ ಇದೇ ಪ್ರಶ್ನೆಗೆ ನಾನು ಉತ್ತರ ಕೊಡಬೇಕಲ್ವಾ?

ಬೆಳ್ಳಿ ಬಣ್ಣದ್ದು: ತಣ್ಣಗಿರುವಾಗ

ಹೋಗುವ ಮುಂಚೆಯೇ ಮಾಲೀಕರಿಗೆ ಹೇಳಿದ್ದೆ, "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ." ಬಿಸಿ ಎಂಜಿನ್ ಎಷ್ಟೋ ವಿಷಯ ಮುಚ್ಚಿಡುತ್ತದೆ. ಬಾನೆಟ್ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಇಷ್ಟಕ್ಕೇ ಅವರ ಮೇಲೆ ಅರ್ಧ ವಿಶ್ವಾಸ ಬಂತು.

ಸ್ಟಾರ್ಟ್ ಆದಾಗ ಹೊಗೆಯಿಲ್ಲ. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಮುಂಭಾಗದಿಂದ, ಸೈಕಲ್ ಕಡ್ಡಿಗೆ ರಟ್ಟು ಸಿಕ್ಕಿಸಿದ ಹಾಗೆ ಪಟಪಟ ಸದ್ದು. ಇದು ಟೈಮಿಂಗ್ ಚೈನ್ ಟೆನ್ಷನರ್, ಅಂದರೆ ಎಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಭಾಗ. ಈ ಎಂಜಿನ್ ಬಲ್ಲವರಿಗೆಲ್ಲ ಗೊತ್ತಿರುವ ಸದ್ದು. ಕೇಳಲು ಭಯಂಕರ, ಭಾಗ ಮಾತ್ರ ಚಿಕ್ಕದು. ಹೊಸದು ಹಾಕಿದರೆ ನಿಲ್ಲುತ್ತದೆ. ಗೊತ್ತಿಲ್ಲದವರು ಇದನ್ನು ಕೇಳಿ ವಾಪಸ್ ಹೋಗಿಬಿಡುತ್ತಾರೆ, ನನಗೆ ಅದು ಚೌಕಾಸಿಗೆ ಅನುಕೂಲ.

ಗೇರ್ ಬಾಕ್ಸ್ ತಣ್ಣಗಿದ್ದಾಗ ಒಂದರಿಂದ ಎರಡಕ್ಕೆ ಹಾಕುವಾಗ ಕರ್ ಅಂತು. ಬಿಸಿಯಾದ ಮೇಲೆ ಸಲೀಸು. ಎರಡನೇ ಗೇರಿನ ಸಿಂಕ್ರೊ (ಗೇರ್ ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಭಾಗ) ಸವೆಯತೊಡಗಿದೆ. ಸಾಫ್ಟ್ ಟಾಪ್‌ನ ಬದಿಗಳಲ್ಲಿ, ಮಡಚುವಾಗ ಉಜ್ಜುವ ಜಾಗದಲ್ಲಿ, ಬಟ್ಟೆ ತೂತಾಗುವ ಹಂತಕ್ಕೆ ಬಂದಿದೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿದೆ, ಒಣಗಿತ್ತು. ಟೈರ್‌ಗಳ ಗ್ರಿಪ್ ಚೆನ್ನಾಗಿ ಕಂಡರೂ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತು ಓದಿದರೆ ಸಾಕು: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ ಹಳೆಯವು. ಹಿಂದಿನ ಸಸ್ಪೆನ್ಷನ್ನಿನ ಅಲೈನ್‌ಮೆಂಟ್ ಬೋಲ್ಟ್‌ಗಳು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಇವು ಬಿಡದಿದ್ದರೆ ಚಕ್ರದ ಕೋನ ಸರಿಮಾಡಲು ಆಗುವುದಿಲ್ಲ. ಮೊದಲ ಸರಣಿಯ ಎಸ್2000ದ ಹಿಂಭಾಗ ತಿರುವಿನಲ್ಲಿ ಥಟ್ಟನೆ ಜಾರುವುದಕ್ಕೆ ಹೆಸರುವಾಸಿ, ಅಲೈನ್‌ಮೆಂಟ್ ಕೆಟ್ಟರೆ ಕೇಳುವುದೇ ಬೇಡ.

ಪೇಂಟ್ ಗೇಜ್ ಎಲ್ಲಾ ಕಡೆ ಸುಮಾರು ಒಂದೇ ಅಂಕಿ ಕೊಟ್ಟಿತು. ಡಿಕ್ಕಿಯ ಸೀಲರ್ ಎರಡೂ ಬದಿ ಒಂದೇ ಥರ. ಸರ್ವಿಸ್ ಬಿಲ್‌ಗಳ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಕ್ರಮವಾಗಿ ಏರಿತ್ತು.

ವಾಲ್ವ್ ಕವರ್ ಬಿಚ್ಚಿದ್ದು

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

"ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದೆಯಲ್ಲ, ಎಂಜಿನ್‌ಗೆ ಏನೂ ಆಗಲ್ಲ" ಅನ್ನುವವರಿದ್ದಾರೆ. ಲಿಮಿಟರ್ ಪೆಟ್ರೋಲ್ ನಿಲ್ಲಿಸುತ್ತದೆ ಅಷ್ಟೇ. ಎಂಜಿನ್ನನ್ನು ಚಕ್ರಗಳೇ ತಿರುಗಿಸಿದರೆ ಅದು ಏನು ಮಾಡೀತು? ಮೂರರಲ್ಲಿ 8500ಕ್ಕೆ ಎಳೆದು, ನಾಲ್ಕಕ್ಕೆ ಹಾಕಲು ಹೋಗಿ ಕೈ ತಪ್ಪಿ ಎರಡಕ್ಕೆ ಬಿತ್ತು ಅಂದುಕೊಳ್ಳಿ. ಮೂರನೇ ಗೇರಿನ ಅನುಪಾತ 1.481, ಎರಡನೆಯದು 2.045. ಕ್ಲಚ್ ಬಿಟ್ಟ ಕ್ಷಣ ಎಂಜಿನ್ 11,700ರ ಕಡೆ ಹಾರುತ್ತದೆ. ಆ ವೇಗದಲ್ಲಿ ಸ್ಪ್ರಿಂಗ್‌ಗಳು ವಾಲ್ವ್‌ಗಳನ್ನು ಹಿಡಿದಿಡಲಾರವು. ಸ್ಪ್ರಿಂಗ್ ಮೇಲೆ ಕೂರುವ ರಿಟೇನರ್ ಎಂಬ ಬಿಲ್ಲೆ ಬಿರುಕು ಬಿಡುತ್ತದೆ. ಎಪಿ1ರ ರಿಟೇನರ್ ಈ ಹೊಡೆತಕ್ಕೆ ಅಷ್ಟು ಗಟ್ಟಿಯಲ್ಲ. ಗಾಡಿ ಆಗ ನಿಲ್ಲದೆ ಇರಬಹುದು. ತಿಂಗಳುಗಳು ಚೆನ್ನಾಗಿಯೇ ಓಡಿ, ಆಮೇಲೆ ಒಂದು ದಿನ ವಾಲ್ವ್ ಪಿಸ್ಟನ್ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಮಾಲೀಕರು ಬದಲಾಗಿರುತ್ತಾರೆ.

ಪೋರ್ಷೆ ಗಾಡಿಗಳ ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಮಿತಿ ಮೀರಿ ತಿರುಗಿತು ಅನ್ನುವ ದಾಖಲೆ ಸಿಗುತ್ತದೆ. ಇಲ್ಲಿ ಆ ಸೌಕರ್ಯವಿಲ್ಲ, ಬಿಚ್ಚಿಯೇ ನೋಡಬೇಕು. ಖರ್ಚು ನನ್ನದು, ಗ್ಯಾಸ್ಕೆಟ್ ಹೊಸದು ಹಾಕಿಸಿಕೊಡುತ್ತೇನೆ ಅಂದೆ. ಮಾಲೀಕರು ಯೋಚಿಸಿ ಒಪ್ಪಿದರು.

ಮೊದಲು ಲೀಕ್‌ಡೌನ್ ಪರೀಕ್ಷೆ. ಒಂದೊಂದೇ ಸಿಲಿಂಡರ್‌ನ ಪಿಸ್ಟನ್ನನ್ನು ಕಂಪ್ರೆಷನ್‌ನ ತುದಿಗೆ ತಂದು, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ಎಷ್ಟು ಸೋರುತ್ತದೆ ಅಂತ ಗೇಜ್‌ನಲ್ಲಿ ನೋಡುವುದು. ಸೋರಿದ ಗಾಳಿ ಎಲ್ಲಿಂದ ಹೊರಬರುತ್ತದೆ ಅಂತ ಕಿವಿಗೊಡುವುದೇ ಇದರಲ್ಲಿ ನನಗೆ ಇಷ್ಟ. ಸೈಲೆನ್ಸರ್‌ನಲ್ಲಿ ಸುಯ್ ಅಂದರೆ ಎಗ್ಸಾಸ್ಟ್ ವಾಲ್ವ್. ಗಾಳಿ ಒಳಗೆಳೆಯುವ ಕಡೆ ಕೇಳಿಸಿದರೆ ಇಂಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿದ್ದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಇದರಲ್ಲಿ ನಾಲ್ಕೂ ಸಿಲಿಂಡರ್ 10 ಶೇಕಡದ ಒಳಗೇ ಇದ್ದವು. ಆಯಿಲ್ ಬಾಯಲ್ಲಿ ಮೆಲ್ಲಗೆ ಉಸಿರಿನಷ್ಟು ಸದ್ದು, ಅದು ಯಾವ ಎಂಜಿನ್‌ನಲ್ಲೂ ಇದ್ದದ್ದೇ.

ಆಮೇಲೆ ಕವರ್ ತೆಗೆದೆವು. ಪ್ರತಿ ರಿಟೇನರ್ ನಡುವೆ ವಾಲ್ವ್‌ನ ಕಡ್ಡಿಯ ತುದಿ ಸ್ವಲ್ಪ ಮೇಲೆದ್ದು ಕಾಣುತ್ತದೆ. ಹದಿನಾರು ವಾಲ್ವ್‌ಗಳದ್ದೂ ಒಂದೇ ಎತ್ತರಕ್ಕೆ ಇರಬೇಕು. ಯಾವುದಾದರೂ ಒಂದು ಅಕ್ಕಪಕ್ಕದ್ದಕ್ಕಿಂತ ತಗ್ಗಾಗಿದ್ದರೆ, ಕಡ್ಡಿಯನ್ನು ರಿಟೇನರ್‌ಗೆ ಕಚ್ಚಿಸಿಡುವ ಪುಟ್ಟ ಹಿಡಿ ರಿಟೇನರ್ ಒಳಗೆ ಕುಸಿಯುತ್ತಿದೆ ಅಂತ ಅರ್ಥ. ಟಾರ್ಚನ್ನು ಪಕ್ಕದಿಂದ ಹಿಡಿದರೆ ನೆರಳಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಎಲ್ಲಾ ಸಮ. ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿಂದ ವಾಲ್ವ್‌ಗಳ ಸಂದು ಅಳೆದೆವು. ತಣ್ಣಗಿದ್ದಾಗ ಇಂಟೇಕ್ 0.21ರಿಂದ 0.25 ಮಿಲಿಮೀಟರ್, ಎಗ್ಸಾಸ್ಟ್ 0.25ರಿಂದ 0.29 ಇರಬೇಕು. ಎಗ್ಸಾಸ್ಟ್ ಕಡೆ ಎರಡು ಬಿಗಿಯಾಗಿದ್ದವು, ಹೊಂದಿಸಿ ಮುಚ್ಚಿದೆವು.

ಬೆಲೆ

ಕೇಳುವ ಬೆಲೆಗಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೇಳುವುದಕ್ಕೆ ಯಾರು ಏನಾದರೂ ಕೇಳಬಹುದು. ನಿಜವಾಗಿ ಮಾರಾಟವಾದ, ಇದೇ ಸರಣಿಯ, ಏಟು ತಿನ್ನದ ಗಾಡಿಗಳ ಬೆಲೆ ಕಲೆಹಾಕಿದೆ. ತೀರಾ ಮೇಲಿನದ್ದು, ತೀರಾ ಕೆಳಗಿನದ್ದು ಬಿಟ್ಟು ನಡುವಿನದ್ದನ್ನು 100 ಅಂತ ಇಟ್ಟುಕೊಂಡೆ.

ಬೆಳ್ಳಿ ಗಾಡಿಗೆ ಕೇಳುತ್ತಿದ್ದದ್ದು 105. ಅದರಲ್ಲಿ ದುಬಾರಿ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್), ಹೊರಗಿನ ಕಂಪನಿಯ ಎಗ್ಸಾಸ್ಟ್ ಸೇರಿದೆ ಅನ್ನುವುದು ಮಾಲೀಕರ ವಾದ. ಅವರು ಖುಷಿಗೆ ಹಾಕಿಸಿದ್ದು, ಸಂತೋಷ. ಆದರೆ ಇಂಥ ಗಾಡಿ ಹಳೆಯದಾದಷ್ಟೂ ಬೆಲೆ ಬರುವುದು ಮೂಲ ಭಾಗಗಳಿಗೆ. ಬಿಚ್ಚಿದ ಮೂಲ ಸಸ್ಪೆನ್ಷನ್, ಎಗ್ಸಾಸ್ಟ್ ಡಬ್ಬಿಯಲ್ಲಿವೆ, ಕೊಡುತ್ತೇನೆ ಅಂದಾಗ ನನಗೆ ಹೆಚ್ಚು ಖುಷಿಯಾಯಿತು. ಅದನ್ನು ಮುಖದಲ್ಲಿ ತೋರಿಸಲಿಲ್ಲ.

ನೂರರಿಂದ ಕಳೆಯುತ್ತಾ ಬಂದೆ. ಟೈರ್‌ಗಳಿಗೆ 4. ಟಾಪ್‌ಗೆ 6. ಹಿಂದಿನ ಬೋಲ್ಟ್, ಬುಷ್, ಅಲೈನ್‌ಮೆಂಟ್‌ಗೆ 4. ಟೆನ್ಷನರ್‌ಗೆ 2. ಸಿಂಕ್ರೊ ಪೂರ್ತಿ ಮಾಡಿಸಿದರೆ 6, ಆದರೆ ತಣ್ಣಗಿದ್ದಾಗ ನಿಧಾನಕ್ಕೆ ಹಾಕಿದರೆ ಇನ್ನೂ ಕಾಲ ಹಾಕಬಹುದು, ಹಾಗಾಗಿ ಅರ್ಧ, 3. ಉಳಿದದ್ದು 81. ಒಳಗೆ ಬಿಚ್ಚಿ ನೋಡಿದ ಎಂಜಿನ್, ಡಬ್ಬಿಯಲ್ಲಿನ ಮೂಲ ಭಾಗಗಳು ಇವಕ್ಕೆ 5 ಸೇರಿಸಿದೆ. 86.

ಪಟ್ಟಿಯನ್ನು ಹಾಗೇ ಅವರ ಕೈಗೆ ಕೊಟ್ಟೆ. ಗಾಡಿಯನ್ನು ಹೀಗಳೆಯುವ ಹಳೆಯ ಚೌಕಾಸಿ ನನಗೆ ಬರುವುದಿಲ್ಲ, ಇಷ್ಟಪಟ್ಟು ಇಟ್ಟುಕೊಂಡವರಿಗೆ ಅದು ಬೇಜಾರೂ ಹೌದು. ಟಾಪ್‌ನ ಬಗ್ಗೆ ವಾದ ಮಾಡಿದರು, ಟೈರ್ ಬಗ್ಗೆ ಸುಮ್ಮನಾದರು. 88ಕ್ಕೆ ಮುಗಿಯಿತು.

ಗಾಡಿ ಈಗ ಜ್ಯಾಕ್ ಮೇಲಿದೆ. ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿದ್ದೇನೆ, ಎಡಗಡೆಯದು ಸ್ವಲ್ಪ ಅಲುಗಿದೆ, ಬಲಗಡೆಯದನ್ನು ಬಹುಶಃ ಕತ್ತರಿಸಿಯೇ ತೆಗೆಯಬೇಕು. ಟೆನ್ಷನರ್ ಆರ್ಡರ್ ಆಗಿದೆ. ಅದರ ಜೊತೆಗೆ 2004ರ ನಂತರದ ಗಟ್ಟಿ ರಿಟೇನರ್‌ಗಳನ್ನೂ ತರಿಸುತ್ತಿದ್ದೇನೆ. ಈ ಹೆಡ್‌ಗೆ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಅವು ಕೂರುತ್ತವೆ, ಹೆಡ್ ಇಳಿಸದೆಯೇ ಬದಲಿಸಬಹುದು. ಟೈರ್ ಮಾತ್ರ ಅಲೈನ್‌ಮೆಂಟ್ ಆಗುವ ತನಕ ಹಾಕುವುದಿಲ್ಲ.