ಗಾರ್ಡ್ ಬಿಚ್ಚಿದ್ದು ಯಾಕೆ ಅಂತ ಒಮ್ಮೆ ಕೇಳಿ

ನಾನು ಕೆಲಸ ಕಲಿತದ್ದು ಪೀಣ್ಯದ ಒಂದು ಸಣ್ಣ ಪ್ರೆಸ್ ಶಾಪ್‌ನಲ್ಲಿ. ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಎರಡು ಸಾಲು, ಒಂದು ಡ್ರಿಲ್ಲಿಂಗ್ ಮಷೀನ್, ಮೂಲೆಯಲ್ಲಿ ವೆಲ್ಡಿಂಗ್. ಸೇರಿದ ಮೊದಲ ವಾರವೇ ಒಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿನ ಹಳೆಯ ಆಪರೇಟರ್‌ಗಳಲ್ಲಿ ಹತ್ತೂ ಬೆರಳು ಪೂರ್ತಿ ಇದ್ದವರು ಕಡಿಮೆ. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಟೀ ಲೋಟ ಹಿಡಿಯುವಾಗ ಕಾಣುತ್ತಿತ್ತು, ಅಷ್ಟೇ.

ಅದೇ ವರ್ಷ ರಾತ್ರಿ ಪಾಳಿಯಲ್ಲಿ ನನ್ನ ಪಕ್ಕದ ಪ್ರೆಸ್‌ನ ಹುಡುಗನ ತೋರುಬೆರಳು ಹೋಯಿತು. ಹೆಲ್ಪರ್ ಆಗಿ ಬಂದವನು, ಆಪರೇಟರ್ ರಜೆ ಹಾಕಿದ್ದರಿಂದ ಮಷೀನ್ ಮೇಲೆ ಕೂರಿಸಿದ್ದರು. ರಿಜಿಸ್ಟರ್‌ನಲ್ಲಿ ಬರೆದದ್ದು ಎರಡೇ ಪದ: ಕೆಲಸಗಾರನ ಅಜಾಗರೂಕತೆ. ಆದರೆ ಅವನು ಆಸ್ಪತ್ರೆಗೆ ಹೋಗುವಾಗಲೂ ಒಂದೇ ಮಾತು ಹೇಳುತ್ತಿದ್ದ. "ಅಣ್ಣಾ, ನಾನು ಪೆಡಲ್ ಒತ್ತೇ ಇಲ್ಲ." ಮಾರನೇ ದಿನ ಮೆಂಟೆನೆನ್ಸ್‌ನವರು ಬಿಚ್ಚಿ ನೋಡಿದರೆ ಕ್ಲಚ್ ಕೀಯ (ತಿರುಗುವ ಚಕ್ರಕ್ಕೆ ಪ್ರೆಸ್ ಅನ್ನು ಜೋಡಿಸಿ ಬಿಡಿಸುವ ತುಂಡು) ಸ್ಪ್ರಿಂಗ್ ಮುರಿದಿತ್ತು. ಒಂದು ಸಲ ಬಡಿದು ನಿಲ್ಲಬೇಕಾದ, ಮೇಲಿನಿಂದ ಇಳಿದು ತಗಡನ್ನು ಒತ್ತುವ ಭಾಗವಾದ ರ್‍ಯಾಮ್ ನಿಲ್ಲದೆ ಇನ್ನೊಂದು ಸಲ ಇಳಿದಿತ್ತು. ಪ್ರೆಸ್ ಶಾಪ್‌ನವರು ಇದನ್ನೇ ಡಬಲ್ ಸ್ಟ್ರೋಕ್ ಅನ್ನುವುದು. ರಿಜಿಸ್ಟರ್‌ನಲ್ಲಿ ಬರೆದ ಆ ಎರಡು ಪದವನ್ನು ಮಾತ್ರ ಯಾರೂ ತಿದ್ದಲಿಲ್ಲ.

ಈಗ ನಾನು ಬೇರೆ ಕಡೆ ಸೇಫ್ಟಿ ನೋಡಿಕೊಳ್ಳುತ್ತೇನೆ. ಆ ಎರಡು ಪದ ಎಲ್ಲೇ ಕಂಡರೂ ನನಗೆ ಹೊಟ್ಟೆ ಉರಿಯುತ್ತದೆ. ತೋರುಬೆರಳು ಪೂರ್ತಿ ಹೋದರೆ ಪರಿಹಾರದ ಪಟ್ಟಿಯಲ್ಲಿ ದುಡಿಯುವ ಶಕ್ತಿಯ ನಷ್ಟ 14 ಪರ್ಸೆಂಟ್, ಹೆಬ್ಬೆರಳಿಗೆ 30. ತಿಂಗಳಿಗೆ 15,000 ದುಡಿಯುವವನಿಗೆ ಸರ್ಕಾರಿ ಕಾರ್ಮಿಕ ವಿಮೆಯಾದ ಇಎಸ್‌ಐ ಲೆಕ್ಕದಲ್ಲಿ ಸಂಬಳದ ಶೇ 90ಕ್ಕೆ ಆ 14 ಪರ್ಸೆಂಟ್ ಹಾಕಿದರೆ ತಿಂಗಳಿಗೆ ಸುಮಾರು 1,890 ರೂಪಾಯಿ. ಜೀವನಪೂರ್ತಿ ಬರುತ್ತದೆ, ನಿಜ. ಆದರೆ ಅಂಗಿ ಗುಂಡಿ ಹಾಕಿಕೊಳ್ಳುವಾಗ ಅವನಿಗೆ ದಿನಾ ಏನು ಅನಿಸಬಹುದು ಅಂತ ಲೆಕ್ಕ ಹಾಕುವವರು ಯಾರು?

ಒಂದು ತಪ್ಪು ತಿಳಿವಳಿಕೆ ತುಂಬಾ ಕಡೆ ನೋಡಿದ್ದೇನೆ, ಅದನ್ನು ಬಿಡಿಸಿ ಹೇಳಬೇಕು. ಅಪಘಾತ ಆದ ಮೇಲೆ ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಲೈಟ್ ಕರ್ಟನ್, ಅಂದರೆ ಮಷೀನ್ ಮುಂದೆ ಬೆಳಕಿನ ಪರದೆ, ತಂದು ಹಾಕಿಸುತ್ತಾರೆ. ಕೈ ಒಳಗೆ ಹೋದರೆ ಸೆನ್ಸರ್ ನೋಡಿ ಮಷೀನ್ ನಿಲ್ಲಿಸುತ್ತದೆ ಅಂತ. ಹಳೆಯ ಕೀ ಕ್ಲಚ್ ಪ್ರೆಸ್‌ನಲ್ಲಿ ಅದು ಆಗುವುದಿಲ್ಲ. ಆ ಕ್ಲಚ್ ಒಮ್ಮೆ ಹಿಡಿದುಕೊಂಡರೆ ಫ್ಲೈವೀಲ್ ಅನ್ನುವ ಆ ಭಾರದ ಚಕ್ರ ಪೂರ್ತಿ ಒಂದು ಸುತ್ತು ಮುಗಿಸಿಯೇ ಬಿಡುವುದು. ಸೆನ್ಸರ್ ಎಷ್ಟು ಕೂಗಿದರೂ ರ್‍ಯಾಮ್ ಮಧ್ಯದಲ್ಲಿ ನಿಲ್ಲುವುದಿಲ್ಲ. ಗಾಳಿಯಿಂದ ನಡೆಯುವ ಫ್ರಿಕ್ಷನ್ ಕ್ಲಚ್ ಮತ್ತು ಬ್ರೇಕ್ ಇರುವ ಪ್ರೆಸ್‌ಗೆ ಮಾತ್ರ ಲೈಟ್ ಕರ್ಟನ್ ಕೆಲಸಕ್ಕೆ ಬರುವುದು. ಹಳೆಯದಕ್ಕೆ ಗಟ್ಟಿ ಗಾರ್ಡೇ ಬೇಕು. ಶೀಟ್ ಒಳಗೆ ಹೋಗಬೇಕು, ಬೆರಳು ಹೋಗಬಾರದು, ಅಷ್ಟು ಸಂದಿ ಬಿಟ್ಟರೆ ಸಾಕು. ಲೈಟ್ ಕರ್ಟನ್ ಇದೆ ಅನ್ನುವ ಧೈರ್ಯದಲ್ಲಿ ಕೈ ಹಾಕುವವನಿಗೆ ಏನೂ ಇಲ್ಲದಿದ್ದವನಿಗಿಂತ ಅಪಾಯ ಜಾಸ್ತಿ.

ಸರಿ, ಗಾರ್ಡ್ ಹಾಕಿದಿರಿ. ಒಂದು ವಾರ ಬಿಟ್ಟು ನೋಡಿದರೆ ಅದು ಗೋಡೆಗೆ ಒರಗಿಕೊಂಡಿರುತ್ತದೆ. ಮೊದಮೊದಲು ನಾನೂ ರೇಗುತ್ತಿದ್ದೆ, ಮೆಮೋ ಕೊಡಿಸುತ್ತಿದ್ದೆ. ನಾನು ಇದ್ದಾಗ ಹಾಕುತ್ತಿದ್ದರು, ಹೋದ ಮೇಲೆ ಬಿಚ್ಚುತ್ತಿದ್ದರು. ಒಂದು ದಿನ ಹಿರಿಯ ಆಪರೇಟರ್ ಒಬ್ಬರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, "ಯಾಕಣ್ಣ ಬಿಚ್ತೀರಾ, ಬೈಯಲ್ಲ, ಹೇಳಿ" ಅಂತ ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು. ಸ್ವಲ್ಪ ಹೊತ್ತಿಗೊಮ್ಮೆ ಸ್ಕ್ರ್ಯಾಪ್ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತೆಗೆಯಲು ನಾಲ್ಕು ಬೋಲ್ಟ್ ಬಿಚ್ಚಬೇಕು, ಸ್ಪ್ಯಾನರ್ ಟೂಲ್ ರೂಮಿನಿಂದ ತರಬೇಕು. ಇದನ್ನೆಲ್ಲ ಮಾಡುತ್ತಾ ಕೂತರೆ ಶಿಫ್ಟ್ ಮುಗಿಯುವಷ್ಟರಲ್ಲಿ ಟಾರ್ಗೆಟ್ ಅರ್ಧವೂ ಆಗುವುದಿಲ್ಲ, ಸಂಜೆ ಸೂಪರ್‌ವೈಸರ್ ಹತ್ತಿರ ಬೈಗುಳ ತಿನ್ನುವುದು ಅವರೇ. ಅವರ ಜಾಗದಲ್ಲಿ ನಾನಿದ್ದರೂ ಬಿಚ್ಚುತ್ತಿದ್ದೆ.

ಡೈ ಹಿಂದೆ ಗಾಳಿ ಊದುವ ಒಂದು ನಾಜಲ್ ಇಟ್ಟೆವು, ಸ್ಕ್ರ್ಯಾಪ್ ಜಾರಿ ಬೀಳಲು ಒಂದು ತಗಡಿನ ಜಾರುಹಲಗೆ. ಕಬ್ಬಿಣದ ಪಟ್ಟಿಯ ಬದಲು ಒಳಗೆ ಕಾಣುವ ಪಾಲಿಕಾರ್ಬೊನೇಟ್ ಹಾಳೆ ಹಾಕಿದೆವು, ಯಾಕೆಂದರೆ ಕಾಣದೆ ಕೆಲಸ ಮಾಡಲು ಅವರಿಗೆ ಆಗುತ್ತಿರಲಿಲ್ಲ. ಆಮೇಲೆ ಆ ಗಾರ್ಡ್ ಯಾರೂ ಬಿಚ್ಚಿಲ್ಲ.

1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಹೇಳಿದ್ದೂ ಇದನ್ನೇ. ಅಪಾಯದ ಭಾಗಕ್ಕೆ ಗಟ್ಟಿ ತಡೆ ಇರಬೇಕು, ಅದು ಓಡುವಷ್ಟು ಹೊತ್ತೂ ತಡೆ ತನ್ನ ಜಾಗದಲ್ಲೇ ಇರಬೇಕು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೆಲಸದ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಸೇಫ್ಟಿ ಆಫೀಸರ್ ಕಡ್ಡಾಯ ಅನ್ನುವ ಸಂಖ್ಯೆ ಕಾರ್ಖಾನೆಗಳಿಗೆ 1,000 ಜನದಿಂದ 500ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಮೂವತ್ತು ಜನರ ಪ್ರೆಸ್ ಶಾಪ್‌ಗೆ ಯಾವ ಆಫೀಸರೂ ಬರುವುದಿಲ್ಲ, ಅಲ್ವಾ? ಅಲ್ಲಿ ಮಾಲೀಕ, ಸೂಪರ್‌ವೈಸರ್, ಡೈ ಸೆಟ್ಟರ್ ಇವರೇ ನೋಡಿಕೊಳ್ಳಬೇಕು.

ಅಂಥವರಿಗೆ ಇನ್ನೆರಡು ಮಾತು. ಸ್ವಿಚ್ ಆಫ್ ಮಾಡಿದ ಮೇಲೂ ಫ್ಲೈವೀಲ್ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೆ, ರ್‍ಯಾಮ್ ಕೆಳಗೆ ಅದು ಇಳಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಟ್ಟು, ಮೇನ್ ಸ್ವಿಚ್‌ಗೆ ಬೀಗ ಹಾಕಿ ಕೀ ಜೇಬಿನಲ್ಲಿ ಇಟ್ಟುಕೊಂಡೇ ಡೈ ಬದಲಿಸಿ. ಮತ್ತೆ, ಎಲ್ಲರಿಗೂ ಗ್ಲೌಸ್ ಹಂಚಿ ಸುಮ್ಮನಾಗಬೇಡಿ. ಶೀಟ್ ಎತ್ತುವವನಿಗೆ ಗ್ಲೌಸ್ ಬೇಕೇ ಬೇಕು, ಡ್ರಿಲ್ಲಿಂಗ್ ಮಷೀನ್ ಮುಂದೆ ನಿಂತವನಿಗೆ ಬೇಡವೇ ಬೇಡ. ತಿರುಗುವ ಡ್ರಿಲ್ ಬಟ್ಟೆ ಹಿಡಿದರೆ ಕೈಯನ್ನೂ ಸೇರಿಸಿ ಸುತ್ತಿಕೊಳ್ಳುತ್ತದೆ.

ಆಯುಧಪೂಜೆಗೆ ಎಲ್ಲರೂ ಮಷೀನ್ ಒರೆಸಿ, ಕುಂಕುಮ ಇಟ್ಟು, ಹೂ ಹಾಕಿ, ಬೂದುಗುಂಬಳ ಒಡೆಯುತ್ತೇವೆ. ನನಗೆ ಆ ದಿನ ತುಂಬಾ ಇಷ್ಟ. ಎಲ್ಲ ಮಷೀನೂ ಒಟ್ಟಿಗೆ ನಿಲ್ಲುವುದು ವರ್ಷಕ್ಕೊಮ್ಮೆ, ಆ ಹಬ್ಬದ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಹೋದ ಮೂರು ವರ್ಷದಿಂದ ಹಿಂದಿನ ದಿನವೇ ಎಲ್ಲ ಪ್ರೆಸ್‌ಗಳ ಕ್ಲಚ್ ಬಿಚ್ಚಿ ಕೀ, ಸ್ಪ್ರಿಂಗ್, ಬ್ರೇಕ್ ಪಟ್ಟಿ ನೋಡುತ್ತೇವೆ, ಸವೆದದ್ದು ಬದಲಿಸಿದ ಮೇಲೆಯೇ ಪೂಜೆ. ವರ್ಷಕ್ಕೊಮ್ಮೆ ಸಾಲದು, ಗೊತ್ತು. ಉಳಿದ ದಿನ ಆಪರೇಟರ್‌ನ ಕಿವಿ ಮತ್ತು ಕಾಲನ್ನೇ ನಂಬಬೇಕು.

ಹೋದ ತಿಂಗಳು ಒಬ್ಬ ಹುಡುಗ ಟೀ ಹೊತ್ತಿನಲ್ಲಿ ನನ್ನ ಹತ್ತಿರ ಬಂದು, "ಸಾರ್, ನಾಲ್ಕನೇ ಪ್ರೆಸ್ ಪೆಡಲ್ ಯಾಕೋ ಸಡಿಲ ಅನಿಸ್ತಿದೆ" ಅಂದ. ತಕ್ಷಣ ನಿಲ್ಲಿಸಿ ಬಿಚ್ಚಿಸಿದೆವು. ಸ್ಪ್ರಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಬದಲಿಸಲು ಎರಡು ಗಂಟೆ ಹಿಡಿಯಿತು. ಆ ಹೊತ್ತಿನ ಪೀಸ್‌ಗಳನ್ನು ಅವನ ಟಾರ್ಗೆಟ್‌ನಿಂದ ಕಳೆಯಿರಿ ಅಂತ ಸೂಪರ್‌ವೈಸರ್‌ಗೆ ಹೇಳಿದೆ, ಅವರು ಒಪ್ಪಿದರು. ಊಟದ ನಂತರ ಅವನೇ ಮತ್ತೆ ಅದೇ ಮಷೀನ್‌ನಲ್ಲಿ ಕೂತ.